ಕೆರೆ, ಸೈಕಲ್, ಗುಡ್ಡೆ ದಾರಿ: ಮೊದಲ ಟ್ರಯತ್ಲಾನ್‌ಗೆ ಹೀಗೆ ತಯಾರಾಗಿ

ಅಡಿಕೆ ತೋಟದ ಕೆರೆಯಲ್ಲಿ ಈಜು ಕಲಿತವರು, ಸೈಕಲ್ ತುಳಿದು ಶಾಲೆಗೆ ಹೋದವರು, ಬಸ್ ತಪ್ಪೀತೆಂದು ಗುಡ್ಡೆ ಇಳಿದು ಓಡಿದವರು ಕಾಸರಗೋಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದೇ ಮೂರನ್ನು ನಡುವೆ ಬಿಡುವಿಲ್ಲದೆ ಒಂದರ ಹಿಂದೆ ಒಂದು ಮಾಡಿದರೆ ಅದು ಟ್ರಯತ್ಲಾನ್. ನಾನು ಇದಕ್ಕೆ ಇಳಿದದ್ದು ನಲವತ್ತು ದಾಟಿದ ಮೇಲೆ. ಸುದ್ದಿ ಕೇಳಿದ ಚಿಕ್ಕಪ್ಪ, "ಎಂತ ಮಾರಾಯ, ಒಂದೊಂದೇ ಮಾಡಿದ್ರೆ ಸಾಕಾಗುದಿಲ್ವಾ?" ಎಂದಿದ್ದರು. ಅವರ ಮಾತಿನಲ್ಲಿ ಅರ್ಥವಿತ್ತು. ಮೂರೂ ನಮಗೆ ಗೊತ್ತಿರುವ ಕೆಲಸವೇ. ಜೋಡಿಸುವಾಗ ಮಾತ್ರ ಕಷ್ಟ ಗೊತ್ತಾಗುತ್ತದೆ.

ಈ ಆಟ ಶುರುವಾದದ್ದು 1974ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ಒಲಿಂಪಿಕ್ಸ್‌ಗೆ ಸೇರಿದ್ದು 2000ದ ಸಿಡ್ನಿ ಕೂಟದಲ್ಲಿ. ಅಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಹೊಸಬರಿಗೆ ಅದರ ಅರ್ಧದ 'ಸ್ಪ್ರಿಂಟ್' ಸರಿ: 750 ಮೀಟರ್ ಈಜಿ, 20 ಕಿ.ಮೀ. ತುಳಿದು, 5 ಕಿ.ಮೀ. ಓಡುವುದು. ಮೂರೂ ಸೇರಿ 226 ಕಿ.ಮೀ. ಆಗುವ 'ಐರನ್‌ಮ್ಯಾನ್' ಎಂಬ ಉದ್ದದ ಟ್ರಯತ್ಲಾನ್‌ನ ವಿಡಿಯೊ ನೋಡಿ ಹೆದರಬೇಡಿ, ಹುರುಪಿನಲ್ಲಿ ಹೆಸರು ಕೊಡಲೂ ಬೇಡಿ.

ತಯಾರಿಗೆ ಹನ್ನೆರಡು ವಾರ ಇಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ಶುರು ಮಾಡುವುದು ಒಳ್ಳೆಯದು. ಮಳೆಗಾಲದಲ್ಲಿ ಹೊಳೆ, ಕಡಲು ಎರಡೂ ನಂಬಿಕೆಗೆ ಯೋಗ್ಯವಲ್ಲ. ಏಪ್ರಿಲ್ ಹೊತ್ತಿಗೆ ಹೆಚ್ಚಿನ ಕೆರೆಗಳಲ್ಲಿ ನೀರು ತಳ ಹಿಡಿದಿರುತ್ತದೆ. ವಾರಕ್ಕೆ ಎರಡು ಈಜು, ಎರಡು ಸೈಕಲ್, ಎರಡು ಓಟ, ಒಂದು ದಿನ ಪೂರ್ತಿ ರಜೆ. ಬಿಪಿ, ಸಕ್ಕರೆ ಕಾಯಿಲೆ, ಎದೆನೋವು ಇದ್ದವರು, ವಯಸ್ಸು ನಲವತ್ತು ದಾಟಿದವರು ಮೊದಲು ಡಾಕ್ಟರನ್ನು ಕಂಡು ಬನ್ನಿ. ಈ ಆಟದಲ್ಲಿ ಆಗುವ ಸಾವುಗಳಲ್ಲಿ ಹೆಚ್ಚಿನವು ಈಜುವಾಗಲೇ ಆಗುತ್ತವೆ. ಅದಕ್ಕೇ ಈ ಮಾತು.

ಈಜು: ಕಲಿತದ್ದನ್ನು ಸ್ವಲ್ಪ ಮರೆಯಿರಿ

ನಮ್ಮಲ್ಲಿ ಹೆಚ್ಚಿನವರು ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತವರು. ಮುಳುಗುವುದಿಲ್ಲ ಎಂಬ ಧೈರ್ಯವೇನೋ ಇದೆ. ಆದರೆ ನಾವು ಈಜುವುದು ತಲೆ ಮೇಲೆತ್ತಿ. ತಲೆ ಮೇಲೆ ಬಂದರೆ ಸೊಂಟ, ಕಾಲು ಕೆಳಗೆ ಹೋಗುತ್ತವೆ. ಇಳಿಬಿದ್ದ ಕಾಲು ನೀರನ್ನು ತಡೆಯುತ್ತದೆ. ಹಿಂದೆ ಬಾಳೆದಿಂಡು ಕಟ್ಟಿ ಎಳೆದ ಹಾಗೆ ಆಗುತ್ತದೆ. ಕೆರೆಯ ಆಚೆ ದಡಕ್ಕೆ ಹೋಗಲು ಅಷ್ಟು ಸಾಕು. 750 ಮೀಟರಿಗೆ ಸಾಲದು.

ಹಾಗಾಗಿ ಮೊದಲ ಎರಡು ವಾರ ಉಸಿರಾಟವನ್ನೇ ಕಲಿಯಿರಿ. ಸೊಂಟದ ಮಟ್ಟದ ನೀರಿನಲ್ಲಿ ಮೆಟ್ಟಿಲು ಹಿಡಿದು ನಿಲ್ಲಿ. ಮುಖ ಮುಳುಗಿಸಿ, ಗುಳ್ಳೆ ಬರುವ ಹಾಗೆ ನಿಧಾನವಾಗಿ ಉಸಿರು ಬಿಡಿ. ಮುಖವನ್ನು ಪಕ್ಕಕ್ಕೆ ತಿರುಗಿಸಿ ಬಾಯಿಯಿಂದ ಉಸಿರು ತೆಗೆದುಕೊಳ್ಳಿ. ಎತ್ತುವುದಲ್ಲ, ತಿರುಗಿಸುವುದು. ಹೊಸಬರು ನೀರೊಳಗೆ ಉಸಿರು ಕಟ್ಟಿ ಹಿಡಿಯುತ್ತಾರೆ. ಮೇಲೆ ಬಂದಾಗ ಬಿಡುವುದು, ಎಳೆಯುವುದು ಎರಡನ್ನೂ ಒಂದೇ ಕ್ಷಣದಲ್ಲಿ ಮಾಡಲು ಹೋಗಿ ಏದುಸಿರು ಬರುತ್ತದೆ. ದಣಿವು ಕೈಯದ್ದೆಂದು ನಾನು ಒಂದು ತಿಂಗಳು ತಪ್ಪು ತಿಳಿದಿದ್ದೆ. ಅಷ್ಟರಲ್ಲಿ ಕೆರೆಯ ನೀರು ಎಷ್ಟು ಕುಡಿದೆನೋ, ಲೆಕ್ಕವಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಕೆರೆಯನ್ನು ಹಗ್ಗದಲ್ಲಿ ಅಳೆಯಿರಿ. 15 ಮೀಟರ್ ಉದ್ದವಿದ್ದರೆ 25 ಸಲ ಹೋಗಿ ಬಂದರೆ 750 ಮೀಟರ್. ಮೊದಲು ಎರಡು ಸುತ್ತು ಈಜಿ, ನಿಂತು, ಮತ್ತೆ ಎರಡು. ಕಾಲು ಜಾಸ್ತಿ ಬಡಿಯಬೇಡಿ, ಅವಕ್ಕೆ ಮುಂದೆ ಎರಡು ಕೆಲಸ ಬಾಕಿ ಇದೆ. ಕೊನೆಯ ವಾರಗಳಲ್ಲಿ ಏಳೆಂಟು ಸಲ ಕೈ ಬೀಸಿದ ಮೇಲೊಮ್ಮೆ ಕಣ್ಣಷ್ಟೇ ಮೇಲೆತ್ತಿ ಎದುರಿನ ತೆಂಗಿನ ಮರ ನೋಡಿಕೊಳ್ಳುವ ಅಭ್ಯಾಸ ಮಾಡಿ. ತೆರೆದ ನೀರಿನಲ್ಲಿ ಈಜುಕೊಳದ ಹಾಗೆ ದಾರಿ ತೋರಿಸುವ ಗೆರೆ ಇರುವುದಿಲ್ಲ, ಹೀಗೆ ನೋಡದಿದ್ದರೆ ಎಲ್ಲಿಗೋ ಹೋಗಿರುತ್ತೀರಿ.

ಒಂಟಿಯಾಗಿ ಮಾತ್ರ ಇಳಿಯಬೇಡಿ. ಈಜು ಗೊತ್ತಿರುವ ಒಬ್ಬರು ದಡದಲ್ಲಿರಲಿ, ಕೈಗೆ ಸಿಗುವಂತೆ ಹಗ್ಗವೋ ಟ್ಯೂಬೋ ಇರಲಿ. ಬಿಟ್ಟುಹೋದ ಮುರಕಲ್ಲಿನ ಕೋರೆಗಳ ನೀರಿಗೆ ಇಳಿಯಲೇಬೇಡಿ. ಅಲ್ಲಿ ಆಳ ಒಂದೇ ಸಮ ಇರುವುದಿಲ್ಲ, ಹತ್ತಲು ಮೆಟ್ಟಿಲೂ ಇಲ್ಲ. ಚಂದ್ರಗಿರಿಯ ಅಳಿವೆಯೂ ಕಲಿಯುವ ಜಾಗವಲ್ಲ.

ಸೈಕಲ್: ಇರುವುದೇ ಸಾಕು

ಅಂಗಡಿಯವರು ಲಕ್ಷದ ಸೈಕಲ್ ತೋರಿಸುತ್ತಾರೆ. ನೋಡಿ ಬನ್ನಿ, ತರಬೇಡಿ. ಬ್ರೇಕು ಹಿಡಿಯಬೇಕು, ಗೇರು ಬೀಳಬೇಕು, ಅಷ್ಟೇ. ದುಡ್ಡು ಖರ್ಚು ಮಾಡುವುದಾದರೆ ಒಳ್ಳೆಯ ಹೆಲ್ಮೆಟ್‌ಗೆ ಮಾಡಿ. ಸೀಟಿನ ಎತ್ತರ ನೋಡುವುದು ಸುಲಭ: ಪೆಡಲ್ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಮೊಣಕಾಲು ನೇರವಾಗಬೇಕು. ಹೆಚ್ಚಿನವರ ಸೀಟು ತಗ್ಗಿರುತ್ತದೆ, ಮೊಣಕಾಲು ನೋವು ಅಲ್ಲಿಂದಲೇ ಬರುತ್ತದೆ. ಟಯರಿಗೆ ಎಷ್ಟು ಗಾಳಿ ಎಂಬುದು ಟಯರಿನ ಬದಿಯಲ್ಲೇ ಬರೆದಿರುತ್ತದೆ.

ಕುಂಬಳೆಯಿಂದ ಬದಿಯಡ್ಕ, ಮುಳ್ಳೇರಿಯ ಕಡೆಗೆ ಹೋದರೆ ಏರು, ಇಳಿತ ಎರಡೂ ಧಾರಾಳ ಸಿಗುತ್ತವೆ. ಏರು ಬರುವ ಮೊದಲೇ ಹಗುರ ಗೇರಿಗೆ ಬನ್ನಿ. ಭಾರದ ಗೇರಿನಲ್ಲಿ ತಿಣುಕಿದರೆ ಓಡುವಾಗ ತೊಡೆ ಕೈಕೊಡುತ್ತದೆ. ಸಮತಟ್ಟಿನಲ್ಲಿ ನಿಮಿಷಕ್ಕೆ 80ರಿಂದ 90 ಸುತ್ತು ಪೆಡಲ್ ತಿರುಗಲಿ. ರಾಷ್ಟ್ರೀಯ ಹೆದ್ದಾರಿ 66ರ ಗೊಡವೆ ಬೇಡ. ರಬ್ಬರ್ ಟ್ಯಾಪಿಂಗ್‌ಗೆ ಹೊರಟವರು, ಹಾಲಿನವರು, ನಾಯಿಗಳು ಮಾತ್ರ ಎದ್ದಿರುವ ಹೊತ್ತಿನಲ್ಲಿ ಹಿಂದೊಂದು ಕೆಂಪು ದೀಪ ಹಾಕಿ ಒಳದಾರಿ ಹಿಡಿಯಿರಿ. ಖಾಸಗಿ ಬಸ್ಸುಗಳ ಓಟ ಶುರುವಾಗುವ ಮೊದಲು ಮನೆ ಸೇರಿದರೆ ಸಾಕು.

ಓಟದ ಬಗ್ಗೆ ಹೇಳಲು ಹೆಚ್ಚಿಲ್ಲ. ಮೂರು ನಿಮಿಷ ಓಡಿ, ಒಂದು ನಿಮಿಷ ನಡೆಯಿರಿ. ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗ. ಬೇಕಲದ ಮರಳಿನಲ್ಲಿ ಓಡುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ನೀರಿನಂಚು ಓರೆಯಾಗಿರುತ್ತದೆ. ಒಂದೇ ದಿಕ್ಕಿಗೆ ಹೆಚ್ಚು ಓಡಿದರೆ ಪಾದದ ಗಂಟು ನೋಯುತ್ತದೆ.

ಮೂರನ್ನೂ ಜೋಡಿಸುವುದು

ಆರನೇ ವಾರದಿಂದ ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸ ಶುರು ಮಾಡಿ. ಇದಕ್ಕೆ ಬ್ರಿಕ್ ಎನ್ನುತ್ತಾರೆ. ಇಟ್ಟಿಗೆ ಎಂಬ ಹೆಸರು ಯಾಕೆಂದು ಮೊದಲ ದಿನವೇ ತಿಳಿಯುತ್ತದೆ. ಇಷ್ಟು ಹೊತ್ತು ಉರುಟಾಗಿ ತಿರುಗುತ್ತಿದ್ದ ಕಾಲಿಗೆ ನೆಲ ಒದೆಯುವುದೇ ಮರೆತುಹೋಗಿರುತ್ತದೆ. ಯಾರದೋ ಕಾಲು ತಂದು ಜೋಡಿಸಿದ ಹಾಗೆ ಅನ್ನಿಸುತ್ತದೆ. ನಾನು ಗೇಟಿನ ಮುಂದೆ ಹೀಗೆ ತಡವರಿಸುವಾಗ ನಮ್ಮ ನಾಯಿ ಅಪರಿಚಿತನೆಂದು ಬೊಗಳಿತ್ತು. ಹತ್ತು ನಿಮಿಷ ಸಣ್ಣ ಹೆಜ್ಜೆ ಹಾಕಿ, ಸರಿಹೋಗುತ್ತದೆ. ವಾರಕ್ಕೊಮ್ಮೆ ಮಾಡಿದರೆ ಸಾಕು.

ಬಟ್ಟೆ ಬದಲಿಸುವ ಜಾಗದ ಸಮಯವೂ ಲೆಕ್ಕಕ್ಕೆ ಬರುತ್ತದೆ. ಅಂಗಳದಲ್ಲೇ ಒಂದು ಟವೆಲ್ ಹಾಸಿ, ಹೆಲ್ಮೆಟ್, ಶೂ, ನೀರಿನ ಬಾಟಲಿ ಇಟ್ಟು ಅಭ್ಯಾಸ ಮಾಡಿ. ಹೆಲ್ಮೆಟ್‌ನ ಪಟ್ಟಿ ಹಾಕಿದ ಮೇಲೆಯೇ ಸೈಕಲ್ ಮುಟ್ಟಬೇಕು, ಸೈಕಲ್ ಮತ್ತೆ ಜಾಗಕ್ಕೆ ಇಟ್ಟ ಮೇಲೆಯೇ ಪಟ್ಟಿ ಬಿಚ್ಚಬೇಕು. ತಪ್ಪಿದರೆ ದಂಡವಾಗಿ ಸಮಯ ಹೋಗುತ್ತದೆ. ನನಗೆ ಹೋಗಿದೆ.

ಬೆವರು ನಮ್ಮ ಕರಾವಳಿಯ ದೊಡ್ಡ ತಲೆನೋವು. ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಅಭ್ಯಾಸದ ಮೊದಲು ಮತ್ತು ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಉಪ್ಪು ಹಾಕಿದ ಗಂಜಿತೆಳಿ, ಬೊಂಡ, ಮಜ್ಜಿಗೆ ನೀರು, ಯಾವುದು ಹೊಟ್ಟೆಗೆ ಒಗ್ಗುತ್ತದೋ ಅದು. ಸ್ಪರ್ಧೆಯ ದಿನ ಬೆಳಿಗ್ಗೆ ಹೊಸ ತಿಂಡಿ, ಹೊಸ ಶೂ ಎರಡೂ ಬೇಡ.

ಈಜು ಶುರುವಾಗುವಾಗ ಹಿಂದೆ, ಒಂದು ಬದಿಗೆ ನಿಲ್ಲಿ. ಮುಂದಿದ್ದರೆ ಹತ್ತಾರು ಕಾಲುಗಳ ಒದೆ ತಿನ್ನಬೇಕು. ಗಾಬರಿಯಾದರೆ ಮಗುಚಿ ಅಂಗಾತ ತೇಲಿ, ಕೈ ಎತ್ತಿದರೆ ದೋಣಿಯವರು ಬರುತ್ತಾರೆ. ಮತ್ತೆ ಒಂದು ವಿಷಯ: ವಾಪಸ್ ಬರಲು ಜೀಪು ಓಡಿಸುವವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನಾನು ಚಿಕ್ಕಪ್ಪನನ್ನೇ ಕೇಳಿದ್ದೆ.