ಪ್ಲಗ್ ಮೇಲಿನ ನಂಬರ್: ಬದಲಿಸುವ ಮೊದಲು ಓದಿ ನೋಡಿ

ಮುಂಗಾರು ಶುರುವಾಗುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಸುಣ್ಣ, ಮೈಲುತುತ್ತ ಕಲಸಿ ಆಗಿರುತ್ತದೆ, ಮರ ಹತ್ತುವ ಕೊನೆಗಾರ ಬಂದು ನಿಂತಿರುತ್ತಾನೆ, ಸ್ಪ್ರೇಯರ್ ಎಂಜಿನ್ ಮಾತ್ರ ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಬಿಚ್ಚಿ ನೋಡಿದರೆ, ಎಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಕಪ್ಪು. ಆಗ ಸುತ್ತ ನಿಂತವರಲ್ಲಿ ಒಬ್ಬರಾದರೂ ಹೇಳುವ ಮಾತು: ‘ಮಳೆಗಾಲ ಅಲ್ವಾ ಮಾರಾಯ್ರೆ, ಒಂದು ನಂಬರ್ ಹಾಟ್ ಪ್ಲಗ್ ಹಾಕಿ.’

ಈ ಸಲಹೆ ಹತ್ತರಲ್ಲಿ ಒಂಬತ್ತು ಸಲ ತಪ್ಪು. ಯಾಕೆ ಅನ್ನುವುದಕ್ಕೆ ಮೊದಲು ಆ ನಂಬರ್ ಏನು ಹೇಳುತ್ತದೆ ಎಂದು ತಿಳಿಯಬೇಕು.

ಹಾಟ್ ಎಂದರೆ ಕಿಡಿ ಬಿಸಿ ಎಂದಲ್ಲ

ಹಾಟ್ ಪ್ಲಗ್ ಹಾಕಿದರೆ ಕಿಡಿ ಜೋರಾಗುತ್ತದೆ, ಪಿಕಪ್ ಹೆಚ್ಚುತ್ತದೆ ಎಂದು ನಂಬಿದವರು ಬಹಳ. ಕಿಡಿಯ ಜೋರು ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್, ಮ್ಯಾಗ್ನೆಟೊಗಳ ಕೆಲಸ. ಹೀಟ್ ರೇಂಜಿಗೂ ಅದಕ್ಕೂ ಸಂಬಂಧವಿಲ್ಲ. ಪ್ಲಗ್ಗಿನ ತುದಿ ತಾನು ಹೀರಿದ ಶಾಖವನ್ನು ಎಷ್ಟು ಬೇಗ ಸಿಲಿಂಡರ್ ಹೆಡ್ಡಿಗೆ ದಾಟಿಸುತ್ತದೆ ಎಂಬುದಷ್ಟೇ ಹೀಟ್ ರೇಂಜ್. ಆ ನಂಬರ್ ಹೇಳುವುದು ಇದನ್ನೇ.

ಪ್ಲಗ್ಗನ್ನು ತಲೆಕೆಳಗು ಹಿಡಿದು ಒಳಗೆ ನೋಡಿ. ನಡುವಿನ ತಂತಿಯ ಸುತ್ತ ಬಿಳಿ ಪಿಂಗಾಣಿಯ ಮೂಗು ಕಾಣುತ್ತದೆ. ಅದು ಅಲ್ಯುಮಿನಾದಿಂದ ಮಾಡಿದ ಇನ್ಸುಲೇಟರ್. ಈ ಮೂಗು ಉದ್ದವಾಗಿ, ಲೋಹದ ಕವಚವನ್ನು ಬಹಳ ಒಳಗೆ ಹೋಗಿ ಮುಟ್ಟಿದರೆ ಶಾಖ ದೂರ ಸಾಗಬೇಕು. ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು ಹಾಟ್ ಪ್ಲಗ್. ಮೂಗು ಗಿಡ್ಡವಾಗಿದ್ದರೆ ಶಾಖ ಬೇಗ ಕವಚಕ್ಕೆ, ಅಲ್ಲಿಂದ ಮರೆ (ಥ್ರೆಡ್) ಮತ್ತು ವಾಷರ್ ಮೂಲಕ ಹೆಡ್ಡಿಗೆ ಇಳಿದುಹೋಗುತ್ತದೆ. ಅದು ಕೋಲ್ಡ್ ಪ್ಲಗ್. ಎರಡನ್ನೂ ಪಕ್ಕದಲ್ಲಿಟ್ಟರೆ ಹಾಟ್ ಪ್ಲಗ್ಗಿನ ಮೂಗಿನ ಸುತ್ತಲಿನ ಸಂದು ಆಳವಾಗಿರುವುದು ಕಣ್ಣಿಗೇ ಕಾಣುತ್ತದೆ.

ತುದಿಯ ಬಿಸಿ ಎರಡು ಗೆರೆಗಳ ನಡುವೆ ಇರಬೇಕು. ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ತುದಿಗೆ ಅಂಟಿದ ಕಾರ್ಬನ್ ತಾನಾಗಿಯೇ ಸುಟ್ಟುಹೋಗುತ್ತದೆ. ಅದಕ್ಕಿಂತ ಕೆಳಗೇ ಇದ್ದರೆ ಮಸಿ ಕೂರುತ್ತದೆ. ಮಸಿಯಲ್ಲಿ ಕರೆಂಟ್ ಹರಿಯುವುದರಿಂದ ಕಿಡಿ ಗ್ಯಾಪ್ (ನಡುವಿನ ತಂತಿಗೂ ಪಕ್ಕದ ಎಲೆಕ್ಟ್ರೋಡಿಗೂ ನಡುವಿನ ಸಂದು) ಹಾರುವ ಬದಲು ಮಸಿಯ ಮೇಲೆಯೇ ಹರಿದು ಹೋಗುತ್ತದೆ. ಎಂಜಿನ್ ಮಿಸ್ಸಿಂಗ್ ಹೊಡೆಯುವುದು ಇದಕ್ಕೇ. ಇನ್ನೊಂದು ಕಡೆ, ಬಿಸಿ 800ರಿಂದ 850 ಡಿಗ್ರಿ ಮೀರಿದರೆ ತುದಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಏರಿ ಶಾಖ ಮತ್ತಷ್ಟು ಹೆಚ್ಚುತ್ತದೆ. ಅಲ್ಯುಮಿನಿಯಂ ಕರಗುವುದೇ 660 ಡಿಗ್ರಿಗೆ. ಪಿಸ್ಟನ್ ತಲೆಯಲ್ಲಿ ತೂತು ಬೀಳಲು ತುಂಬ ಹೊತ್ತು ಬೇಡ.

ಇದರಿಂದ ಒಂದು ಮಾತು ಸ್ಪಷ್ಟ: ಕೋಲ್ಡ್ ಕಡೆಗೆ ತಪ್ಪಿದರೆ ಎಂಜಿನ್ ಕೈಕೊಡುತ್ತದೆ, ಹಾಟ್ ಕಡೆಗೆ ತಪ್ಪಿದರೆ ಎಂಜಿನ್ನೇ ಹೋಗುತ್ತದೆ.

ನಂಬರ್ ಓದುವುದು ಹೇಗೆ

ಇಲ್ಲಿ ಕಂಪನಿಗಳು ಒಂದಕ್ಕೊಂದು ತಿರುಗುಮುರುಗು. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಕೋಲ್ಡ್. ಈಗಿನ ಬಾಷ್ ಮತ್ತು ಚಾಂಪಿಯನ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಹಾಟ್. ನಮ್ಮಲ್ಲಿ ಹಳಬರು ಈಗಲೂ ‘ಮೈಕೋ ಪ್ಲಗ್’ ಎಂದೇ ಕೇಳುತ್ತಾರೆ. 1951ರಲ್ಲಿ ಶುರುವಾದ ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದದ್ದು 2008ರಲ್ಲಿ. ಬಾಷ್‌ನ ಹಳೆಯ ಮೂರಂಕಿ ನಂಬರ್‌ಗಳಲ್ಲಿ (145, 175, 225) ಲೆಕ್ಕ ಉಲ್ಟಾ ಇತ್ತು. ಆಗ ದೊಡ್ಡ ಅಂಕಿ ಎಂದರೆ ಕೋಲ್ಡ್. ಅಟ್ಟದ ಡಬ್ಬಿಯಲ್ಲಿ ಸಿಕ್ಕಿದ ಹಳೆಯ ಪ್ಲಗ್ ನೋಡಿ ಅಂದಾಜಿನ ಮೇಲೆ ಹೊಸದು ಕೊಳ್ಳಬೇಡಿ.

ಹೋಂಡಾದ ಜಿಎಕ್ಸ್160 ಎಂಜಿನ್ನಿಗೆ ಕಂಪನಿ ಹೇಳಿದ ಪ್ಲಗ್ ಎನ್‌ಜಿಕೆ ಬಿಪಿಆರ್6ಇಎಸ್, ಇಲ್ಲವೇ ಡೆನ್ಸೊ ಡಬ್ಲ್ಯು20ಇಪಿಆರ್-ಯು. ಒಂದರಲ್ಲಿ 6, ಇನ್ನೊಂದರಲ್ಲಿ 20. ಶಾಖದ ಲೆಕ್ಕದಲ್ಲಿ ಎರಡೂ ಒಂದೇ. ಕಳೆ ಹೊಡೆಯುವ ಮಷಿನ್, ಮರ ಕೊಯ್ಯುವ ಚೈನ್‌ಸಾಗಳಲ್ಲಿ ಹೆಚ್ಚಾಗಿ ಕಾಣುವ ಎನ್‌ಜಿಕೆ ಬಿಪಿಎಂಆರ್7ಎ ಬದಲಿಗೆ ಬಾಷ್‌ನಲ್ಲಿ ಕೊಡುವುದು ಡಬ್ಲ್ಯುಎಸ್‌ಆರ್6ಎಫ್. ಅಂಕಿಗೆ ಅಂಕಿ ಹೊಂದಿಸಲು ಹೋದರೆ ಕೆಟ್ಟಿರಿ.

ಎನ್‌ಜಿಕೆಯ ಬಿಪಿಆರ್6ಇಎಸ್ಸನ್ನೇ ಬಿಡಿಸಿದರೆ: ಬಿ ಎಂದರೆ 14 ಮಿ.ಮೀ. ಮರೆ (ಸಿ ಇದ್ದರೆ 10, ಡಿ ಇದ್ದರೆ 12), ಪಿ ಎಂದರೆ ಮೂಗು ಹೊರಚಾಚಿದೆ, ಆರ್ ಎಂದರೆ ಒಳಗೆ ರೆಸಿಸ್ಟರ್ ಇದೆ, 6 ಹೀಟ್ ರೇಂಜ್, ಇ ಎಂದರೆ ಮರೆಯ ಉದ್ದ 19 ಮಿ.ಮೀ. ಇ ಜಾಗದಲ್ಲಿ ಎಚ್ ಇದ್ದರೆ 12.7 ಮಿ.ಮೀ. ಮಾತ್ರ. ಹೀಟ್ ರೇಂಜ್ ತಪ್ಪುವುದಕ್ಕಿಂತ ಇದು ತಪ್ಪುವುದು ಅಪಾಯ. ಗಿಡ್ಡ ಹೆಡ್ಡಿಗೆ ಉದ್ದ ಪ್ಲಗ್ ತಿರುಗಿಸಿದರೆ ಅದು ಪಿಸ್ಟನ್ನಿಗೋ ವಾಲ್ವಿಗೋ ಬಡಿಯಬಹುದು.

ಎನ್‌ಜಿಕೆ ಲೆಕ್ಕದಲ್ಲಿ ಒಂದು ಅಂಕಿ ಆಚೀಚೆ ಆದರೆ ತುದಿಯ ಬಿಸಿಯಲ್ಲಿ 70ರಿಂದ 100 ಡಿಗ್ರಿ ವ್ಯತ್ಯಾಸ. ಎರಡು ಅಂಕಿ ಹಾರಿದರೆ ಏನಾಗಬಹುದು ನೀವೇ ಊಹಿಸಿ.

ಬಿಚ್ಚಿ ಬಣ್ಣ ನೋಡುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಹೆಡ್ ಬಿಸಿಯಿರುವಾಗ ಬಿಚ್ಚಿದರೆ ಅಲ್ಯುಮಿನಿಯಂ ಮರೆ ಕಿತ್ತುಬರುತ್ತದೆ. ಬಿಚ್ಚುವ ಮೊದಲು ಪ್ಲಗ್ಗಿನ ಬುಡದ ಕೆಮ್ಮಣ್ಣು, ತರಗು ಎಲ್ಲ ಊದಿ ತೆಗೆಯಿರಿ. ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೇ ಇಳಿಯುವುದು.

ಸುಮ್ಮನೆ ಐಡ್ಲಿಂಗ್ ಬಿಟ್ಟು ಆಫ್ ಮಾಡಿದ ಎಂಜಿನ್ನಿನ ಪ್ಲಗ್ ಯಾವಾಗಲೂ ಕಪ್ಪಾಗಿಯೇ ಕಾಣುತ್ತದೆ. ಅದನ್ನು ನೋಡಿ ತೀರ್ಮಾನಿಸಬಾರದು. ಸ್ಪ್ರೇಯರ್ ಆದರೆ ಹತ್ತು ನಿಮಿಷ ಕೆಲಸ ಮಾಡಿಸಿ, ಲೋಡ್ ಇರುವಾಗಲೇ ಆಫ್ ಮಾಡಿ. ಬೈಕ್ ಆದರೆ ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಾಲ್ಕೈದು ಕಿ.ಮೀ. ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ ಬದಿಗೆ ನಿಲ್ಲಿಸಿ. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಬಿಚ್ಚಿ ನೋಡಿದರೆ ಪ್ರಯೋಜನವಿಲ್ಲ. 14 ತಿರುವಿನ ಆ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೇ ಬಂದಿರುತ್ತೀರಿ. ಪ್ಲಗ್ ತಣ್ಣಗಾಗಿ ಮಸಿ ಹಿಡಿದಿರುತ್ತದೆ.

ಪಿಂಗಾಣಿಯ ಬಣ್ಣ ಹಾಲು ಹೆಚ್ಚಾದ ಕಾಫಿಯ ಹಾಗೆ ಇದ್ದರೆ ಎಲ್ಲ ಸರಿ. ಈಗಿನ ಪೆಟ್ರೋಲಿನಲ್ಲಿ ಬಣ್ಣ ಹಿಂದಿನಷ್ಟು ಗಾಢವಾಗಿ ಕೂರುವುದಿಲ್ಲ, ತಿಳಿ ಬೂದು ಬಣ್ಣವಿದ್ದರೂ ಚಿಂತೆಯಿಲ್ಲ. ಸುಣ್ಣ ಬಳಿದಂತೆ ಬೆಳ್ಳಗಾಗಿ, ಅಲ್ಲಲ್ಲಿ ಗುಳ್ಳೆಯೆದ್ದು, ಎಲೆಕ್ಟ್ರೋಡ್ ಸವೆದಿದ್ದರೆ ವಿಪರೀತ ಬಿಸಿ. ಒಣ ಮಸಿಯಿದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಒದ್ದೆ, ಎಣ್ಣೆಯಂಥ ಕಪ್ಪಾದರೆ ಟು ಸ್ಟ್ರೋಕಿನಲ್ಲಿ ಆಯಿಲ್ ಹೆಚ್ಚಾಗಿದೆ, ಫೋರ್ ಸ್ಟ್ರೋಕಿನಲ್ಲಿ ಪಿಸ್ಟನ್ ರಿಂಗ್ ಸವೆದಿದೆ.

ಕಪ್ಪಾದರೆ ಬೈಯಬೇಕಾದದ್ದು ಯಾರನ್ನು

ಮೊದಲು ಏರ್ ಫಿಲ್ಟರ್. ಆಮೇಲೆ ಚೋಕ್. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಅದನ್ನು ಹಾಗೇ ಮರೆತು ಡೈರಿಗೆ ಹಾಲು ಹಾಕಿ ಬರುವವರ ಬೈಕಿನಲ್ಲಿ ಪ್ಲಗ್ ಕಪ್ಪಾಗದೆ ಇನ್ನೇನಾದೀತು? ಒಂದೆರಡು ಕಿ.ಮೀ. ಓಡಾಟದಲ್ಲಿ ತುದಿ 450 ಡಿಗ್ರಿ ಮುಟ್ಟುವುದೇ ಕಷ್ಟ. ವಾರಕ್ಕೊಮ್ಮೆ ಶಿವಮೊಗ್ಗಕ್ಕೋ ಸಾಗರಕ್ಕೋ ಹದವಾದ ವೇಗದಲ್ಲಿ ಹೋಗಿಬಂದರೆ ಮಸಿ ತಾನೇ ಸುಡುತ್ತದೆ. ಸೀಮೆಎಣ್ಣೆ ಪಂಪ್‌ಸೆಟ್ ಇರುವವರು ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಪೆಟ್ರೋಲಿನಲ್ಲೇ ಓಡಿಸಬೇಕು, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು.

ಟು ಸ್ಟ್ರೋಕ್ ಕಳೆ ಮಷಿನ್ನಿನ ಆಯಿಲ್ಲನ್ನು ಕಣ್ಣಂದಾಜಿನಲ್ಲಿ ಸುರಿಯುವುದು ನಮ್ಮ ಕಡೆ ದೊಡ್ಡ ರೋಗ. 50:1 ಎಂದರೆ ಲೀಟರಿಗೆ 20 ಮಿ.ಲೀ., 25:1 ಎಂದರೆ 40 ಮಿ.ಲೀ. ನಿಮ್ಮ ಮಷಿನ್ನಿಗೆ ಯಾವುದು ಎಂದು ಪುಸ್ತಕದಲ್ಲಿದೆ. ಸಿರಿಂಜಿನಲ್ಲಿ ಅಳೆದು ಹಾಕಿ.

ಮಳೆಗಾಲದ್ದು ಬೇರೆಯೇ ಎರಡು ತಾಪತ್ರಯ. ಸುರಿಯುವ ಮಳೆಯಲ್ಲಿ ಮಿಸ್ಸಿಂಗ್ ಬಂದು, ಬಿಸಿಲು ಬಿದ್ದೊಡನೆ ಸರಿಹೋದರೆ ಅನುಮಾನಿಸಬೇಕಾದದ್ದು ಪ್ಲಗ್ಗನ್ನಲ್ಲ, ಪ್ಲಗ್ ಕ್ಯಾಪನ್ನು. ರಬ್ಬರ್ ಬಿರಿದ ಕಡೆ ನೀರು ಸೇರಿ ಕರೆಂಟ್ ಹೊರಗೇ ಹಾರುತ್ತದೆ. ಕತ್ತಲಲ್ಲಿ ನೋಡಿದರೆ ಕೆಲವು ಸಲ ನೀಲಿ ಕಿಡಿ ಕಾಣುವುದೂ ಉಂಟು. ಎರಡನೆಯದು ಕೊಟ್ಟಿಗೆ ಮೂಲೆಯ ಪೆಟ್ರೋಲ್ ಕ್ಯಾನ್. ಪೆಟ್ರೋಲಿನಲ್ಲಿ ಬೆರೆತ ಎಥೆನಾಲ್ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತದೆ. ಎಂಜಿನ್ ಕುಡಿಯುವುದು ಆ ತಳದ್ದನ್ನು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಕೂಡಿಡಬೇಡಿ.

ಬೆಳ್ಳಗಾದ ಪ್ಲಗ್ಗಿಗೂ ಹೀಗೇ ಕಾರಣಗಳಿವೆ: ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಜೆಟ್‌ನಲ್ಲಿ (ಪೆಟ್ರೋಲ್ ಹರಿಯುವ ಸಣ್ಣ ತೂತು) ಕಸ, ಅದನ್ನು ಎಂಜಿನ್ನಿಗೆ ಜೋಡಿಸುವ ಮ್ಯಾನಿಫೋಲ್ಡ್ ರಬ್ಬರಿನಲ್ಲಿ ಗಾಳಿ ಸೋರಿಕೆ, ಕಿಡಿಯ ಟೈಮಿಂಗ್ ತಪ್ಪಿರುವುದು, ಇಲ್ಲವೇ ಕೂಲಿಂಗ್ ಫಿನ್‌ಗಳ ನಡುವೆ ಒಣಗಿದ ಕೆಸರು, ಹುಲ್ಲು. ಕಳೆ ಮಷಿನ್ನಿನಲ್ಲಿ ಕೊನೆಯದು ತೀರಾ ಸಾಮಾನ್ಯ.

ಹಾಗಾದರೆ ನಂಬರ್ ಬದಲಿಸುವುದು ಯಾವಾಗ?

ಕಂಪನಿಯ ಪುಸ್ತಕದಲ್ಲೇ ಎರಡನೆಯ ನಂಬರ್ ಕೊಟ್ಟಿದ್ದರೆ, ಅದು ಹೇಳಿದ ಸಂದರ್ಭದಲ್ಲಿ. ಇಲ್ಲವೇ ಕಂಪ್ರೆಷನ್ ಏರಿಸಿ, ಬೋರ್ ಹಿಗ್ಗಿಸಿ ರೇಸಿಗೆ ಎಂಜಿನ್ ತಿದ್ದಿದ್ದರೆ, ಆಗ ಒಂದು ಅಂಕಿ ಕೋಲ್ಡ್ ಕಡೆಗೆ. ‘ಘಾಟಿ ಹತ್ತುತ್ತೇವೆ, ಕೋಲ್ಡ್ ಬೇಕು’ ಎಂಬುದೂ ‘ಮಲೆನಾಡು ತಂಪು, ಹಾಟ್ ಬೇಕು’ ಎಂಬುದೂ ಕಾರಣವಲ್ಲ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಯಂಥ ಕಡೆ ಗಾಳಿ ಸ್ವಲ್ಪ ತೆಳು, ಕಾರ್ಬ್ಯುರೇಟರ್ ಮಿಶ್ರಣ ತುಸು ದಟ್ಟವಾಗುತ್ತದೆ ನಿಜ. ಆದರೆ ಅದು ಒಂದು ನಂಬರಿನಷ್ಟು ವ್ಯತ್ಯಾಸವಲ್ಲ. 2020ರ ಏಪ್ರಿಲ್‌ನಿಂದ ಬಂದ ಹೆಚ್ಚಿನ ಬಿಎಸ್6 ಬೈಕುಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಅದನ್ನೂ ತಾನೇ ಸರಿದೂಗಿಸಿಕೊಳ್ಳುತ್ತದೆ. ರಿಂಗ್ ಸವೆದು ಆಯಿಲ್ ಕುಡಿಯುವ ಹಳೆ ಗಾಡಿಗೆ ಹಾಟ್ ಪ್ಲಗ್ ಹಾಕಿ ಒಂದು ಹಂಗಾಮು ದೂಡುವವರಿದ್ದಾರೆ. ಗಾಡಿ ಓಡುತ್ತದೆ, ರಿಪೇರಿ ಬಿಲ್ ಮುಂದಕ್ಕೆ ಹೋಗುತ್ತದೆ, ಅಷ್ಟೆ.

ತಿರುಗಿ ಕೂರಿಸುವಾಗ

ಎಮರಿ ಪೇಪರ್, ವೈರ್ ಬ್ರಷ್ ಹಾಕಿ ಪಿಂಗಾಣಿ ತಿಕ್ಕಬೇಡಿ. ಗೀರುಗಳಲ್ಲಿ ಮಸಿ ಇನ್ನೂ ಬೇಗ ಕೂರುತ್ತದೆ. ಗ್ಯಾಪನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡು) ನೋಡಿ. ಜಿಎಕ್ಸ್160ಕ್ಕೆ 0.7ರಿಂದ 0.8 ಮಿ.ಮೀ. ಬಗ್ಗಿಸುವುದಾದರೆ ಪಕ್ಕದ ಎಲೆಕ್ಟ್ರೋಡನ್ನು ಮಾತ್ರ.

ಮೊದಲು ಬೆರಳಲ್ಲೇ ಕೊನೆಯವರೆಗೆ ತಿರುಗಿಸಿ. ಬಿಗಿ ಬಂದರೆ ಮರೆ ಅಡ್ಡ ಹತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಹಿಡಿಯಿರಿ. ವಾಷರ್ ಕೂತ ಮೇಲೆ ಹೊಸ ಪ್ಲಗ್ಗಿಗೆ ಸ್ಪಾನರಿನಲ್ಲಿ ಅರ್ಧ ಸುತ್ತು, ಹಳೆಯದಕ್ಕೆ ಸುತ್ತಿನ ಎಂಟನೇ ಒಂದು ಭಾಗದಷ್ಟು. ಸಡಿಲ ಬಿಟ್ಟರೆ ಶಾಖ ಹೆಡ್ಡಿಗೆ ದಾಟುವುದಿಲ್ಲ. ಸರಿಯಾದ ನಂಬರಿನ ಪ್ಲಗ್ಗೂ ಆಗ ಹಾಟ್ ಪ್ಲಗ್ಗಿನಂತೆಯೇ ಕಾಯುತ್ತದೆ. ಬೆಳ್ಳಗಾದ ಪ್ಲಗ್ ಕಂಡಾಗ ಕಾರ್ಬ್ಯುರೇಟರಿಗೆ ಕೈಹಾಕುವ ಮೊದಲು ಇದೊಂದನ್ನು ನೋಡಿ. ಎರಡು ನಿಮಿಷದ ಕೆಲಸ, ಖರ್ಚೂ ಇಲ್ಲ.