ನಾಣ್ಯ ಬೇಡ, ನಾಣ್ಯದ ಕಾರ್ಡು ಸಾಕು

ನಾಣ್ಯ ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಕೂಡಿಡುವುದು ನಾಣ್ಯಗಳ ಚಿತ್ರ ಇರುವ ಹಳೇ ಪೋಸ್ಟ್‌ಕಾರ್ಡು. 1900ರ ಆಸುಪಾಸಿನಿಂದ ಮೊದಲ ಮಹಾಯುದ್ಧದವರೆಗೆ ಜರ್ಮನಿಯಲ್ಲಿ ಇವನ್ನು ಜೋರಾಗಿ ಅಚ್ಚು ಹಾಕುತ್ತಿದ್ದರು. ಒಂದು ಕಾರ್ಡಿಗೆ ಒಂದು ದೇಶ. ಆ ದೇಶದ ಬಾವುಟ, ಪಕ್ಕದಲ್ಲಿ ಚಿನ್ನ, ಬೆಳ್ಳಿ, ತಾಮ್ರದ ಬಣ್ಣದಲ್ಲಿ ಉಬ್ಬಿ ನಿಂತ ನಾಣ್ಯಗಳು. ಎಷ್ಟೋ ಕಾರ್ಡುಗಳ ಮೂಲೆಯಲ್ಲಿ ವಿನಿಮಯ ದರದ ಪಟ್ಟಿಯೂ ಇರುತ್ತದೆ. ನಾನು ಹೆಚ್ಚಾಗಿ ಹುಡುಕುವುದು ಷ್ಟುಟ್‌ಗಾರ್ಟ್ ಹತ್ತಿರದ ವೈಬ್ಲಿಂಗೆನ್‌ನಲ್ಲಿದ್ದ ವಾಲ್ಟರ್ ಎರ್ಹಾರ್ಡ್ ಪ್ರಕಟಿಸಿದ ಕಾರ್ಡುಗಳನ್ನು.

ಆ ದರದ ಪಟ್ಟಿ ನೋಡಿದರೆ ಈಗ ನಗು ಬರುತ್ತದೆ. ದರವನ್ನು ಕಾರ್ಡಿನ ಮೇಲೆ ಅಚ್ಚು ಹಾಕೋದು ಅಂದ್ರೆ ಎಂಥ ಧೈರ್ಯ, ಅಲ್ವಾ? ಆಗ ಅದು ಧೈರ್ಯವೇನಲ್ಲ. ದೊಡ್ಡ ದೇಶಗಳ ಹಣ ಚಿನ್ನಕ್ಕೆ ಕಟ್ಟಿಹಾಕಿತ್ತು. ಒಂದು ಬ್ರಿಟಿಷ್ ಪೌಂಡಿಗೆ ಜರ್ಮನಿಯ 20 ಮಾರ್ಕ್, ಮೇಲೆ ಚಿಲ್ಲರೆ 43 ಫೆನಿಗ್ ಅಂದರೆ ವರ್ಷಗಟ್ಟಲೆ ಹೆಚ್ಚುಕಮ್ಮಿ ಅಷ್ಟೇ. ನಮ್ಮ ರೂಪಾಯಿಯೂ ಪೌಂಡಿಗೆ 15ರಂತೆ ನಿಂತಿತ್ತು. 1914ರಲ್ಲಿ ಯುದ್ಧ ಬಂತು, ಪಟ್ಟಿ ಕೆಲಸಕ್ಕೆ ಬಾರದಂತಾಯಿತು.

ಕಾರ್ಡು ಯಾವ ವರ್ಷದ್ದು ಅಂತ ಪತ್ತೆ ಮಾಡುವುದೇ ನನಗೆ ಜಾಸ್ತಿ ಮಜಾ ಕೊಡುವ ಕೆಲಸ. ಅಂಚೆ ಮುದ್ರೆ ಇದ್ದರೆ ಸುಲಭ, ಆದರೆ ಅದು ಕಳಿಸಿದ ದಿನ ಮಾತ್ರ ಹೇಳುತ್ತದೆ. ಅಚ್ಚಾದ ಕಾಲಕ್ಕೆ ನಾಣ್ಯಗಳನ್ನೇ ಕೇಳಬೇಕು. ಬ್ರಿಟಿಷ್ ಇಂಡಿಯಾದ ಕಾರ್ಡು ತೆಗೆದುಕೊಳ್ಳಿ. ರೂಪಾಯಿಯ ಮೇಲೆ ಕಿರೀಟ ತೊಟ್ಟ ವಿಕ್ಟೋರಿಯಾ ಇದ್ದಾಳೋ, ಕಿರೀಟವಿಲ್ಲದ ಬರಿದಲೆಯ ದೊರೆ ಏಳನೇ ಎಡ್ವರ್ಡ್ ಇದ್ದಾನೋ ನೋಡುತ್ತೇನೆ. ಎಡ್ವರ್ಡ್ ರೂಪಾಯಿ ಶುರುವಾಗಿದ್ದು 1903ರಲ್ಲಿ. ಆಮೇಲೆ ಅಲೆಅಲೆಯಾದ ಅಂಚಿನ ನಿಕ್ಕಲ್ ಒಂದಾಣೆಯನ್ನು ಹುಡುಕುತ್ತೇನೆ. ಅದು ಬಂದಿದ್ದು 1907ರಲ್ಲಿ. ಮಜಾ ಏನಂದರೆ, ಆ ಆಣೆಯ ಮೇಲೆ ಇದೇ ಎಡ್ವರ್ಡ್ ಕಿರೀಟ ಇಟ್ಟುಕೊಂಡಿದ್ದಾನೆ. ಅದಿದ್ದರೆ ಕಾರ್ಡು 1907ಕ್ಕಿಂತ ಹಿಂದಿನದಲ್ಲ. ಇಲ್ಲದಿದ್ದರೆ ಮಾತ್ರ ಏನೂ ಹೇಳೋಕಾಗಲ್ಲ. ಮುದ್ರಕರು ಹಳೇ ಅಚ್ಚನ್ನೇ ಮತ್ತೆ ಮತ್ತೆ ಬಳಸಿರಬಹುದು.

ಹಿಂಬದಿಯೂ ಸಾಕ್ಷಿ ಹೇಳುತ್ತದೆ. ವಿಳಾಸಕ್ಕೊಂದು, ಬರಹಕ್ಕೊಂದು ಅಂತ ನಡುವೆ ಗೆರೆ ಎಳೆದ ಕಾರ್ಡಿಗೆ ಬ್ರಿಟನ್ 1902ರಲ್ಲಿ, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ ಒಪ್ಪಿಗೆ ಕೊಟ್ಟವು. ಅದಕ್ಕೂ ಮೊದಲು ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಹಾಗಾಗಿ ಜನ ನಾಣ್ಯಗಳ ಸಂದಿಯಲ್ಲೇ ಇರುವೆ ಅಕ್ಷರದಲ್ಲಿ ಗೀಚಿದ್ದಾರೆ. ಇಂಥ ಕಾರ್ಡು ಹಾಳಾಗಿದೆ ಅಂತ ಕೆಲವರು ಬೆಲೆ ಕಡಿಮೆ ಮಾಡುತ್ತಾರೆ. ನನಗೆ ಅದೇ ಲಾಭ. ಖಾಲಿ ಕಾರ್ಡಿಗಿಂತ ಗೀಚಿದ ಕಾರ್ಡೇ ನನಗಿಷ್ಟ.

ಕೊಳ್ಳುವುದು ಬಹುಪಾಲು ಆನ್‌ಲೈನ್ ಹರಾಜಿನಲ್ಲಿ. ಇಂಗ್ಲಿಷಿಗಿಂತ ಜರ್ಮನ್ ಪದ ಹಾಕಿ ಹುಡುಕಿದರೆ ಹೆಚ್ಚು ಸಿಗುತ್ತವೆ, ಅಗ್ಗವೂ ಹೌದು. ದುಡ್ಡು ಕೊಡುವ ಮುಂಚೆ ಎರಡು ಫೋಟೋ ಕೇಳುತ್ತೇನೆ. ಒಂದು, ಪಕ್ಕದಿಂದ ಬೆಳಕು ಬಿಟ್ಟು ತೆಗೆದದ್ದು. ಉಬ್ಬು ಇದ್ದರೆ ನೆರಳು ಬೀಳುತ್ತದೆ. ಇನ್ನೊಂದು ಹಿಂಬದಿಯದು, ಅಲ್ಲಿ ಸಾಮಾನ್ಯವಾಗಿ ನಾಣ್ಯದ ಆಕಾರ ತಗ್ಗಾಗಿ ಕಾಣುತ್ತದೆ. ಕಾರ್ಡು ಕೈಗೆ ಬಂದಮೇಲೆ ಭೂತಗನ್ನಡಿ. ಸಾಲಾಗಿ ಜೋಡಿಸಿದ ಚುಕ್ಕಿಗಳು ಕಂಡರೆ ಅದು ಈಚಿನ ನಕಲಿರಬೇಕು ಅಂತ ಪಕ್ಕಕ್ಕಿಡುತ್ತೇನೆ.

ಇಡುವುದರಲ್ಲಿ ಹುಷಾರಾಗಿರಬೇಕು. ಪಿವಿಸಿ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ಬೇಡವೇ ಬೇಡ. ಪಾಲಿಪ್ರೊಪಿಲೀನ್ ಅನ್ನೋ ಇನ್ನೊಂದು ಪ್ಲಾಸ್ಟಿಕ್ಕಿನ ಕವರು ಒಳ್ಳೆಯದು. ಒಂದರ ಮೇಲೊಂದು ಪೇರಿಸಿ ಭಾರ ಹೇರಿದರೆ ಉಬ್ಬು ಚಪ್ಪಟೆಯಾಗುತ್ತದೆ. ನಾನು ಡಬ್ಬದಲ್ಲಿ ನಿಲ್ಲಿಸಿ ಇಡುತ್ತೇನೆ, ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇನೆ. ಚಿನ್ನದ ಬಣ್ಣದ ಮೇಲೆ ಬೆರಳು ತಾಗಿಸಬೇಡಿ. ಬೆವರು ತಾಗಿದ ಕಡೆ ಮೆರುಗು ಕಂದಿಹೋಗುತ್ತದೆ, ಎಷ್ಟು ಒರೆಸಿದರೂ ವಾಪಸ್ ಬರಲ್ಲ.