ಹುಣಸೆ ಬೀಜದಲ್ಲಿ ಸೂಪರ್‌ನೋವಾ ಎಣಿಸಿದ್ದು

ಯಾದಗಿರಿ ಹತ್ತಿರದ ಹಳ್ಳಿ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಸೂಪರ್‌ನೋವಾ ಅಂದರೆ ನಕ್ಷತ್ರವೊಂದು ಸಿಡಿಯುವುದು. ಸಿಡಿದ ನಕ್ಷತ್ರದ ಚೂರು ಹಿಗ್ಗುತ್ತಾ ಬೇಗ ತಣ್ಣಗಾಗಬೇಕು, ಅಲ್ವಾ? ಆದರೂ ತಿಂಗಳುಗಟ್ಟಲೆ ಬೆಳಗುತ್ತದೆ. ಸ್ಫೋಟದಲ್ಲಿ ಹುಟ್ಟಿದ ನಿಕಲ್-56 ಎಂಬ ವಿಕಿರಣಶೀಲ ನಿಕಲ್ ತಾನಾಗಿ ಬದಲಾಗಿ ಕೋಬಾಲ್ಟ್-56 ಆಗುತ್ತದೆ, ಅದು ಬದಲಾಗಿ ಕಬ್ಬಿಣವಾಗುತ್ತದೆ. ಆಗ ಹೊರಬೀಳುವ ಶಕ್ತಿಯೇ ಚೂರನ್ನು ಬಿಸಿಯಾಗಿಡುತ್ತದೆ. ನಿಕಲ್ 6 ದಿನಕ್ಕೆ ಅರ್ಧವಾಗುತ್ತದೆ, ಕೋಬಾಲ್ಟ್ 77 ದಿನಕ್ಕೆ. ಇಷ್ಟನ್ನು ಬೋರ್ಡ್ ಮೇಲೆ ಬರೆದರೆ ಮಕ್ಕಳ ತಲೆಗೆ ಹತ್ತಲಿಲ್ಲ.

ಚೌಕಾಬಾರದ ಹುಣಸೆ ಬೀಜ ನೆನಪಾಯಿತು. 200 ಬೀಜಗಳ ಒಂದು ಬದಿ ಕಲ್ಲಿಗೆ ತಿಕ್ಕಿ ಬಿಳಿ ಮಾಡಿದೆವು. ಮೊದಲಿಗೆ ಎಲ್ಲವೂ ನಿಕಲ್. ಒಂದು ಎಸೆತ ಅಂದರೆ 6 ದಿನ. ಬಿಳಿ ಮೇಲಾದ ಬೀಜ ಕೋಬಾಲ್ಟ್. ಕೋಬಾಲ್ಟ್ ಬೀಜಗಳನ್ನು ನೆಲದ ಮೇಲೆ ಬರೆದ 20 ಮನೆಗಳಲ್ಲಿ ಎಸೆಯಬೇಕು. ಗುರುತು ಮಾಡಿದ ಒಂದು ಮನೆಗೆ ಬಿದ್ದದ್ದು ಕಬ್ಬಿಣ.

ಮೊದಲ ದಿನ ಮೂಲೆಯ ಮನೆಗೆ ಗುರುತು ಹಾಕಿದ್ದೆ. ಬೀಜಗಳೆಲ್ಲ ನಡುವೆ ಗುಂಪಾಗಿ ಬಿದ್ದವು, ಕೋಬಾಲ್ಟ್ ಕರಗಲೇ ಇಲ್ಲ. ಮರುದಿನದಿಂದ ಪ್ರತಿ ಎಸೆತಕ್ಕೂ ಚೀಟಿ ಎತ್ತಿ ಮನೆ ಆರಿಸಿದೆವು. ಲೆಕ್ಕ ಜಿಗಿದಾಡಿದರೂ ಸರಾಸರಿ ಸರಿಹೋಯಿತು.

ಇನ್ನೊಂದು ತಪ್ಪು ದೊಡ್ಡದು. ಉಳಿದ ಬೀಜಗಳನ್ನೇ ಬೆಳಕು ಅಂತ ಎಣಿಸುತ್ತಿದ್ದೆ. ಒಂಬತ್ತನೇ ತರಗತಿಯ ಹುಡುಗಿ ತಡೆದಳು: "ಸರ್, ಸುಮ್ನೆ ಕುಂತ ಬೀಜ ಬೆಳಕು ಹೆಂಗ್ ಕೊಡ್ತಾವ್ರಿ? ಹೊಳ್ಳಿದ್ದಷ್ಟೇ ಎಣಿಸ್ಬೇಕಲ್ರಿ?" ಅವಳ ಮಾತೇ ಸರಿ. ಆ ಎಸೆತದಲ್ಲಿ ಬದಲಾದದ್ದೇ ಆ ಹೊತ್ತಿನ ಬೆಳಕು. ಅಂದಿನಿಂದ ಹಾಗೇ ಎಣಿಸುತ್ತೇವೆ. ಕೋಬಾಲ್ಟ್ ಬದಲಾದಾಗ ನಿಕಲ್‌ಗಿಂತ ಸುಮಾರು ಎರಡರಷ್ಟು ಶಕ್ತಿ ಬರುವುದರಿಂದ ಅದಕ್ಕೆ ಎರಡು ಅಂಕ.

ಗ್ರಾಫ್ ನೋಡಿ ನನಗೇ ಮೈ ಜುಮ್ಮೆಂದಿತು. ಮೊದಲು ದಡದಡ ಇಳಿದ ಗೀಟು, ಎಂಟೊಂಬತ್ತು ಎಸೆತದ ಹೊತ್ತಿಗೆ ನಿಕಲ್ ಮುಗಿದು ನಿಧಾನದ ಇಳಿಜಾರಿಗೆ ಹೊರಳಿತು. 30ನೇ ಎಸೆತಕ್ಕೆ, ಅಂದರೆ 180ನೇ ದಿನಕ್ಕೆ, 46 ಕೋಬಾಲ್ಟ್ ಉಳಿದಿದ್ದವು. 1987ರ ಫೆಬ್ರವರಿಯಲ್ಲಿ ಕಂಡ ಸೂಪರ್‌ನೋವಾ 1987ಎ ಕೂಡ ಸುಮಾರು ನಾಲ್ಕು ತಿಂಗಳ ನಂತರ ಇದೇ ಕೋಬಾಲ್ಟ್ ಇಳಿಜಾರಿನಲ್ಲಿ ಮಂಕಾಯಿತು. ಅದರಲ್ಲಿ ಹುಟ್ಟಿದ ನಿಕಲ್ ಸೂರ್ಯನ ತೂಕದ 0.07 ಪಾಲು. ಭೂಮಿಯಂಥ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಗೋಳಗಳ ತೂಕ! ಕೋಬಾಲ್ಟಿನ ಗಾಮಾ ಕಿರಣಗಳನ್ನು ಅದೇ ವರ್ಷ ಉಪಗ್ರಹವೊಂದು ಹಿಡಿಯಿತು.

ಆದರೆ ನಮ್ಮ ಗೀಟು ಮೊದಲ ಎಸೆತಕ್ಕೇ ಅತಿ ಎತ್ತರದಲ್ಲಿತ್ತು. 1987ಎ ಗರಿಷ್ಠ ಬೆಳಗಿದ್ದು ಮೇ ತಿಂಗಳಲ್ಲಿ. ದಟ್ಟ ಚೂರುಗಳಿಂದ ಬೆಳಕು ಹೊರಬರಲು ಹೊತ್ತು ಬೇಕು. ಬೀಜದಲ್ಲಿ ಅದನ್ನು ತೋರಿಸುವ ದಾರಿ ಇನ್ನೂ ಹುಡುಕುತ್ತಿದ್ದೇನೆ. ಸದ್ಯಕ್ಕೆ ಹತ್ತು ಬೀಜಕ್ಕೆ ಅರಿಶಿನ ಹಚ್ಚಿಟ್ಟಿದ್ದೇನೆ. ಅವು ಕೋಬಾಲ್ಟಿನ ಇನ್ನೊಂದು ಬಗೆ, 272 ದಿನಕ್ಕೆ ಅರ್ಧವಾಗುವ ಕೋಬಾಲ್ಟ್-57.